ಮಕ್ಕಳ ಮಾಹಿತಿ: ಏನನ್ನು ಯಾರಿಗೆ ಕೊಡಬೇಕು?

ಮಾನ್ಯ ಪೋಷಕರೇ, ನಮಸ್ಕಾರ.

ವಿದ್ಯಾರ್ಥಿವೇತನದ ಅರ್ಜಿ ಶುರುವಾದಂತೆ ತರಗತಿಯ ವಾಟ್ಸಾಪ್ ಗುಂಪಿಗೆ ಆಧಾರ್, ಪಾಸ್‌ಬುಕ್ ಫೋಟೊಗಳು ಬೀಳುತ್ತಿವೆ. ದಯವಿಟ್ಟು ಹಾಕಬೇಡಿ. ಹಾಕಿದ್ದರೆ ಎರಡು ದಿನದೊಳಗೆ ಎಲ್ಲರಿಗೂ ಅಳಿಸುವ ಆಯ್ಕೆ ಒತ್ತಿ. ಅಷ್ಟರಲ್ಲಿ ಯಾರಾದರೂ ಫೋಟೊ ಉಳಿಸಿಕೊಂಡಿದ್ದರೆ ಅದು ನಮ್ಮ ಕೈಮೀರಿದ್ದು.

ಎಸ್‌ಎಸ್‌ಪಿ (ರಾಜ್ಯ ವಿದ್ಯಾರ್ಥಿವೇತನ ಜಾಲತಾಣ) ಅರ್ಜಿಗೆ ಮಗುವಿನ ಎಸ್‌ಎಟಿಎಸ್ ಸಂಖ್ಯೆ (ಶಾಲಾ ದಾಖಲೆಯ ವಿದ್ಯಾರ್ಥಿ ಸಂಖ್ಯೆ), ಆಧಾರ್, ಜಾತಿ ಮತ್ತು ಆದಾಯ ಪ್ರಮಾಣಪತ್ರಗಳ ಮೇಲಿರುವ ಆರ್‌ಡಿ ಸಂಖ್ಯೆ ಬೇಕು. ಇವನ್ನು ಕಚೇರಿಗೇ ತಂದುಕೊಡಿ. ಜೆರಾಕ್ಸ್ ಮೇಲೆ ಅಡ್ಡಲಾಗಿ 'ವಿದ್ಯಾರ್ಥಿವೇತನಕ್ಕೆ ಮಾತ್ರ' ಎಂದು ಬರೆದು, ದಿನಾಂಕ ಹಾಕಿ ಸಹಿ ಮಾಡಿ. ಆಧಾರ್‌ನಲ್ಲಿರುವ ಹೆಸರು, ಇನಿಷಿಯಲ್ ಶಾಲೆಯ ದಾಖಲೆಗೆ ಹೊಂದದಿದ್ದರೆ ಅರ್ಜಿ ಅಲ್ಲಿಯೇ ನಿಲ್ಲುತ್ತದೆ. ಮೊದಲು ಅದನ್ನು ನೋಡಿಕೊಳ್ಳಿ. ಅರ್ಜಿ ಮಂಜೂರಾದರೂ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರದಿದ್ದರೆ ಹಣ ಬರುವುದಿಲ್ಲ.

ಪ್ರವಾಸಕ್ಕೋ ಸ್ಪರ್ಧೆಗೋ ಗುರುತು ತೋರಿಸಲು ಪೂರ್ತಿ ಆಧಾರ್ ಬೇಕಿಲ್ಲ. ಮೊದಲ 8 ಅಂಕಿ ಮರೆಯಾಗಿ ಕೊನೆಯ 4 ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಸಾಕು. ಆಧಾರ್ ನೀಡುವ ಯುಐಡಿಎಐ ಜಾಲತಾಣದಲ್ಲಿ ಸಿಗುತ್ತದೆ.

ಒಟಿಪಿಯ ಮಾತು ಬೇರೆ. ಅರ್ಜಿಗೆ ಒಟಿಪಿ ಬೇಕಾದಾಗ ಫೋನ್ ಹಿಡಿದು ಶಾಲೆಗೆ ಬನ್ನಿ, ನೀವೇ ಒತ್ತಿ. ಕರೆ ಮಾಡಿ ಕೇಳಿದವರು ನಮ್ಮ ಹೆಸರನ್ನೇ ಹೇಳಿದರೂ ಕೊಡಬೇಡಿ. ಹಣ ಪಡೆಯಲು ಯುಪಿಐ ಪಿನ್ ಎಂದೂ ಬೇಕಾಗುವುದಿಲ್ಲ. 'ಸ್ಕಾಲರ್‌ಶಿಪ್' ಹೆಸರಿನ ಎಪಿಕೆ ಫೈಲ್ (ಫೋನಿಗೆ ಆ್ಯಪ್ ಹಾಕುವ ಫೈಲ್) ಬಂದರೆ ತೆರೆಯಬೇಡಿ. ಹಣ ಹೋಗಿದ್ದರೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ. ತಡವಾದಷ್ಟೂ ಹಣ ಖಾತೆಯಿಂದ ಖಾತೆಗೆ ದಾಟಿಬಿಡುತ್ತದೆ.

ಮುಚ್ಚಿಡದೆ ಹೇಳಲೇಬೇಕಾದವೂ ಇವೆ. ಮೂರ್ಛೆರೋಗ, ಉಬ್ಬಸ ಇದ್ದರೆ, ಬಿಸಿಯೂಟದಲ್ಲಿ ಮೊಟ್ಟೆ, ಹಾಲು, ಶೇಂಗಾ ಆಗಿಬರದಿದ್ದರೆ ತರಗತಿ ಶಿಕ್ಷಕರಿಗೆ ವೈದ್ಯರ ಚೀಟಿ ಸಮೇತ ತಿಳಿಸಿ. ಮಂಗನಬಾವು, ಸೀತಾಳೆ ಸಿಡುಬು ಕಂಡ ದಿನವೇ ಫೋನ್ ಮಾಡಿ. ಸೀತಾಳೆ ಸಿಡುಬಾದರೆ ಗುಳ್ಳೆಗಳೆಲ್ಲ ಒಣಗಿ ಹಕ್ಕಳೆ ಕಟ್ಟುವವರೆಗೆ ಮಗು ಮನೆಯಲ್ಲಿರಲಿ. ಇದನ್ನೂ ಗುಂಪಿನಲ್ಲಿ ಹಾಕಬೇಡಿ, ಬೇರೆ ಮಕ್ಕಳು ಆ ಮಗುವನ್ನು ದೂರವಿಡುತ್ತಾರೆ. ಫೋನ್ ನಂಬರ್ ಬದಲಾದರೆ, ಮಗುವನ್ನು ಕರೆದೊಯ್ಯಲು ಬೇರೆಯವರು ಬರುವುದಿದ್ದರೆ ಮೊದಲೇ ಹೇಳಿ.

ಯಾರೋ ಕೆಟ್ಟದಾಗಿ ಮುಟ್ಟಿದರೆಂದು ಮಗು ಹೇಳಿದರೆ, ಅದನ್ನು ನಂಬಿ. ಗದರಬೇಡಿ, ಮತ್ತೆ ಮತ್ತೆ ಕೆದಕಿ ಕೇಳಬೇಡಿ. ಮಕ್ಕಳ ಸಹಾಯವಾಣಿ 1098ಕ್ಕೆ ಅಥವಾ ಪೊಲೀಸರಿಗೆ ತಿಳಿಸಿ. ನಮಗೆ ತಿಳಿದರೆ ಪೊಲೀಸರಿಗೆ ತಿಳಿಸುವುದು ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆಯಂತೆ ನಮ್ಮ ಹೊಣೆ. ಮಗುವಿನ ಹೆಸರು, ಫೋಟೊ ಬಹಿರಂಗಪಡಿಸುವುದು ಅದೇ ಕಾಯ್ದೆಯಡಿ ಅಪರಾಧ. ನೆರೆಯವರಿಗೂ ಹೇಳಬೇಡಿ.

ಅರ್ಜಿಯ ದಾಖಲೆಗಳನ್ನು ಶಾಲಾ ಅವಧಿಯಲ್ಲಿ ಕಚೇರಿಗೆ ತಂದು, ವಹಿಯಲ್ಲಿ ಸಹಿ ಮಾಡಿ ಕೊಡಿ.

ತಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕರು