ಪರ್ವರಿಯ ಲೈವ್‌ಗೆ ಹೋಗುವ ಮುಂಚೆ

ಮಾಟುಂಗಾ, ಮುಂಬಯಿ

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ಪರ್ವರಿಯಲ್ಲಿ ಗೋವಾದ ಮಂತ್ರಿಯ ಜೊತೆ ನೀನು ಕನ್ನಡದಲ್ಲಿ ನಡೆಸುವ ಲೈವ್ ಸಂದರ್ಶನಕ್ಕೆಂದು ಪಣಜಿಯಿಂದ ಕಳಿಸಿದ ಪ್ರಶ್ನೆಗಳ ಪಟ್ಟಿ ನೋಡಿದೆ. ಒಬ್ಬ ಮಂತ್ರಿಗೆ ಇಪ್ಪತ್ತೆರಡು ಪ್ರಶ್ನೆ! ಅರ್ಧ ಗಂಟೆಯ ಕಾರ್ಯಕ್ರಮದಲ್ಲಿ ಮೂರು ಮೂರು ನಿಮಿಷದ ಎರಡು ಬ್ರೇಕ್ ಕಳೆ, ಸ್ವಾಗತ-ವಂದನೆಗೆ ಎರಡು ನಿಮಿಷ ಕಳೆ, ಉಳಿಯುವುದು 22 ನಿಮಿಷ. ರಾಜಕಾರಣಿಯ ಒಂದು ಉತ್ತರಕ್ಕೆ ಎರಡು ನಿಮಿಷ ಹಿಡಿ. ಅಲ್ಲಿಗೆ ಹನ್ನೊಂದು ಪ್ರಶ್ನೆ, ಮರುಪ್ರಶ್ನೆಗಳೂ ಅದರೊಳಗೇ. ವಿಷಯ ಮೂರೇ ಇಟ್ಟುಕೊ. ಉಳಿದದ್ದು ಹಾಳೆಯ ಹಿಂಬದಿಗಿರಲಿ. ಚುಟುಕಾಗಿ ಉತ್ತರಿಸುವ ಅಪರೂಪದ ಮನುಷ್ಯ ಸಿಕ್ಕರೆ ಬೇಕಾಗುತ್ತದೆ.

ಲೈವ್‌ನಲ್ಲಿ ಕೈ ಕೊಡುವುದು ಮೊದಲ ಪ್ರಶ್ನೆಯಲ್ಲ, ಎರಡನೆಯದು. ಮೊದಲನೆಯದಕ್ಕೆ ಏನು ಹೇಳಬೇಕೆಂದು ಅವರ ಆಪ್ತ ಸಹಾಯಕರು ಮೊದಲೇ ಹೇಳಿಕೊಟ್ಟಿರುತ್ತಾರೆ. ಹಾಗಾಗಿ ಪ್ರಶ್ನೆಗಿಂತ ಉತ್ತರದ ತಯಾರಿ ಮಾಡು. ಪ್ರತಿ ಪ್ರಶ್ನೆಯ ಕೆಳಗೆ ಅವರು ಕೊಡಬಹುದಾದ ಎರಡು ಮೂರು ಉತ್ತರ ಬರೆ, ಒಂದೊಂದರ ಮುಂದೆ ನಿನ್ನ ಮರುಪ್ರಶ್ನೆ ಒಂದೇ ಸಾಲಿನಲ್ಲಿ.

ಗೋವಾ-ಕರ್ನಾಟಕದ ನಡುವಿನ ಮಹದಾಯಿ ನೀರಿನ ಜಗಳವನ್ನೇ ತಗೋ. ಪಣಜಿಯಿಂದ ಪರ್ವರಿಗೆ ಹೋಗುವಾಗ ಸೇತುವೆ ಕೆಳಗೆ ಮಾಂಡೋವಿ ಅಂತ ಹರಿಯುವುದು ಅದೇ ನದಿ. ನಿನ್ನ ಪಟ್ಟಿಯಲ್ಲಿ ‘ಮಹದಾಯಿ ಬಗ್ಗೆ ಗೋವಾದ ನಿಲುವೇನು?’ ಎಂದಿದೆ. ಅದು ಪ್ರಶ್ನೆಯಲ್ಲ, ಭಾಷಣಕ್ಕೆ ಆಹ್ವಾನ. ‘ಕರ್ನಾಟಕ ಎಷ್ಟು ನೀರು ತಿರುಗಿಸುತ್ತಿದೆ ಎಂದು ನಿಮ್ಮ ಆಕ್ಷೇಪ?’ ಎಂದು ಕೇಳು. ಅವರು ‘13.42 ಟಿಎಂಸಿ’ (ಒಂದು ಟಿಎಂಸಿ ನೂರು ಕೋಟಿ ಘನ ಅಡಿ) ಎಂದು ಹೇಳಿದರೆ ನಿನ್ನ ಹಾಳೆಯಲ್ಲಿ ಲೆಕ್ಕ ಬಿಡಿಸಿಟ್ಟಿರಬೇಕು. 2018ರ ಆಗಸ್ಟ್‌ನಲ್ಲಿ ಮಹದಾಯಿ ನ್ಯಾಯಮಂಡಳಿ ಕರ್ನಾಟಕಕ್ಕೆ ಕೊಟ್ಟ ಆ 13.42ರಲ್ಲಿ 8.02 ವಿದ್ಯುತ್ತಿಗೆ, ಟರ್ಬೈನ್ ತಿರುಗಿಸಿದ ನೀರು ಖರ್ಚಾಗುವುದಿಲ್ಲ. 1.5 ಕಣಿವೆಯೊಳಗಿನ ಬಳಕೆಗೆ. ಮಲಪ್ರಭೆಗೆ ತಿರುಗುವುದು 3.9: ಕಳಸಾ ಹಳ್ಳದಿಂದ 1.72, ಬಂಡೂರಿ ಹಳ್ಳದಿಂದ 2.18. ಆಗ ಮರುಪ್ರಶ್ನೆ ತಾನೇ ಹುಟ್ಟುತ್ತದೆ: ‘ನಿಮ್ಮ ವಿರೋಧ 3.9ಕ್ಕೋ, ಪೂರ್ತಿ 13.42ಕ್ಕೋ?’ ‘ಒಂದು ಹನಿಯೂ ಬಿಡೆವು’ ಎಂದರೆ, ‘ಅದೇ ತೀರ್ಪು ಗೋವಾಕ್ಕೆ 24 ಟಿಎಂಸಿ ಕೊಟ್ಟಿದೆ, ಅದನ್ನೂ ಬೇಡ ಅನ್ನುತ್ತೀರಾ?’ ‘ಸುಪ್ರೀಂ ಕೋರ್ಟಿನಲ್ಲಿದೆ, ಮಾತಾಡುವಂತಿಲ್ಲ’ ಎಂದರೆ, ‘ಕೋರ್ಟಿನಲ್ಲಿ ನೀವೇ ಸಲ್ಲಿಸಿದ ಅರ್ಜಿಯಲ್ಲಿ ಏನು ಕೇಳಿದ್ದೀರಿ, ಅಷ್ಟೇ ಹೇಳಿ’ ಎನ್ನು.

ಇಲ್ಲೇ ಎಚ್ಚರ ಬೇಕು. ವಾಸ್ಕೋದಲ್ಲಿ, ಹುಬ್ಬಳ್ಳಿಯಲ್ಲಿ ನಿನ್ನನ್ನು ನೋಡುವವರು ‘ಮಂತ್ರಿಯ ಬೆವರಿಳಿಸಿದಳು’ ಅಂತ ಚಪ್ಪಾಳೆ ಹೊಡೆದಾರು. ನೀನು ಕರ್ನಾಟಕದ ವಕೀಲೆಯಲ್ಲ. ಮುಂದಿನ ವಾರ ಬೆಂಗಳೂರಿನ ಅತಿಥಿ ಬಂದರೆ ಇದೇ ಹಾಳೆ ತಿರುವಿ ಕೇಳು: ಕಳಸಾ-ಬಂಡೂರಿಗೆ 7.56 ಕೇಳಿ 3.9 ಸಿಕ್ಕಿದ್ದೇಕೆ? 2020ರ ಫೆಬ್ರವರಿಯಲ್ಲೇ ತೀರ್ಪಿನ ಗೆಜೆಟ್ ಪ್ರಕಟಣೆಯಾಯಿತಲ್ಲ, ಕೆಲಸ ಎಲ್ಲಿಗೆ ಬಂತು?

‘ನೀವು ಪಕ್ಷ ಬಿಡುತ್ತೀರಾ?’ ಎಂಬ ಪ್ರಶ್ನೆಯನ್ನು ಗೋವಾದಲ್ಲಂತೂ ಕೇಳಲೇಬೇಡ. 2022ರ ಚುನಾವಣೆಗೆ ಮುನ್ನ ಕಾಂಗ್ರೆಸ್ ಅಭ್ಯರ್ಥಿಗಳು ಪಕ್ಷ ಬಿಡುವುದಿಲ್ಲವೆಂದು ಗುಡಿ, ಚರ್ಚು, ದರ್ಗಾ ಮೂರೂ ಕಡೆ ಪ್ರಮಾಣ ಮಾಡಿದ್ದರು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಗೆದ್ದ ಹನ್ನೊಂದರಲ್ಲಿ ಎಂಟು ಶಾಸಕರು ಬಿಜೆಪಿಗೆ ಹೋದರು. ಪಕ್ಷಾಂತರ ತಡೆಯುವ ಸಂವಿಧಾನದ ಹತ್ತನೇ ಅನುಸೂಚಿಯಲ್ಲಿ, ವಿಲೀನಕ್ಕೆ ಪಕ್ಷದ ಶಾಸಕರಲ್ಲಿ ಮೂರನೇ ಎರಡು ಭಾಗ ಸಾಕು. ‘ಮೂರನೇ ಎರಡು ಭಾಗ ಕೂಡಿದರೆ ನೀವು ಸಹಿ ಹಾಕುತ್ತೀರಾ?’ ಎಂದು ಕೇಳಿದರೆ ಜಾರುವುದು ಕಷ್ಟ.

ಒಂದು ವಾಕ್ಯ, ಒಂದೇ ಪ್ರಶ್ನೆ. ‘ಮತ್ತು’ ಹಾಕಿ ಎರಡು ಜೋಡಿಸಿದರೆ ಅವರು ಸುಲಭದ್ದನ್ನು ಆರಿಸಿಕೊಳ್ಳುತ್ತಾರೆ. ಉತ್ತರ ಬಾರದಿದ್ದರೆ ಅದೇ ಮಾತಿನಲ್ಲಿ ಇನ್ನೊಮ್ಮೆ, ಬೇಕಿದ್ದರೆ ಮೂರನೇ ಸಲ. ಆಮೇಲೆ ‘ಇದಕ್ಕೆ ಉತ್ತರ ಬರಲಿಲ್ಲ’ ಎಂದು ವೀಕ್ಷಕರಿಗೆ ಹೇಳಿ ಮುಂದೆ ಹೋಗು. ಬಿಬಿಸಿಯ ಜೆರೆಮಿ ಪ್ಯಾಕ್ಸ್‌ಮನ್ 1997ರಲ್ಲಿ ಬ್ರಿಟನ್ನಿನ ಮಾಜಿ ಗೃಹಮಂತ್ರಿ ಮೈಕೆಲ್ ಹೋವರ್ಡ್‌ಗೆ ಒಂದೇ ಪ್ರಶ್ನೆಯನ್ನು ಹತ್ತಕ್ಕೂ ಹೆಚ್ಚು ಸಲ ಕೇಳಿದ್ದನ್ನು ಎಲ್ಲರೂ ಹೊಗಳುತ್ತಾರೆ. ಮುಂದಿನ ವರದಿ ಸಿದ್ಧವಿಲ್ಲದ್ದಕ್ಕೆ ಹೊತ್ತು ಕಳೆಯಬೇಕಿತ್ತು ಎಂದು ಆಮೇಲೆ ಪ್ಯಾಕ್ಸ್‌ಮನ್ ಅವರೇ ಹೇಳಿದ್ದಾರೆ!

ಮಂತ್ರಿ ಕೊಂಕಣಿಯಲ್ಲೋ ಹಿಂದಿಯಲ್ಲೋ ಮಾತಾಡುತ್ತಾರೆ. ಉತ್ತರ ಮುಗಿದ ಕೂಡಲೇ ಅದರ ತಿರುಳನ್ನು ಒಂದೇ ವಾಕ್ಯದಲ್ಲಿ ಕನ್ನಡಕ್ಕೆ ತಾ. ಅಂಕಿ ಇದ್ದರೆ ಅಂಕಿ ಬಿಡಬೇಡ. ನೀನು ಪೂರ್ತಿ ಅನುವಾದಕ್ಕೆ ಕೂತರೆ ಅವರಿಗೆ ಯೋಚಿಸಲು ಬಿಡುವು ಕೊಟ್ಟಂತೆ. ‘ಭಾಯ್’, ‘ಅಣ್ಣಾ’ ಬೇಡ, ‘ಮಂತ್ರಿಗಳೇ’ ಸಾಕು.

ಕಾಲರ್ ಮೈಕ್ ಗದ್ದದಿಂದ ಒಂದು ಗೇಣು ಕೆಳಗೆ, ಅವರು ನಿನ್ನ ಕಡೆ ತಿರುಗುವ ಪಕ್ಕಕ್ಕೆ. ಗಂಜಿ ಹಾಕಿದ ಖಾದಿ, ರೇಷ್ಮೆ ಶಾಲು ಮೈಕಿಗೆ ಉಜ್ಜಿದರೆ ಸರಸರ ಸದ್ದು; ಶಾಲು ಹೊದಿಸುವ ಶಾಸ್ತ್ರವೆಲ್ಲ ಮೈಕ್ ಸಿಕ್ಕಿಸುವ ಮೊದಲೇ ಮುಗಿಯಲಿ. ಮೊಬೈಲ್‌ನಲ್ಲೇ ಲೈವ್ ಕೊಡುವುದಾದರೆ ಕರೆ ಬಂದರೆ ಧ್ವನಿ ಕಡಿದುಹೋಗುತ್ತದೆ: ಏರ್‌ಪ್ಲೇನ್ ಮೋಡ್ ಹಾಕಿ ವೈಫೈ ಮಾತ್ರ ತೆರೆ. ಅತಿಥಿ ಬೇರೆ ಊರಿನಿಂದ ಆನ್‌ಲೈನ್‌ನಲ್ಲಿದ್ದರೆ ನಿನ್ನ ಮಾತು ತಡವಾಗಿ ತಲುಪುತ್ತದೆ. ಆಗ ನಡುವೆ ಬಾಯಿ ಹಾಕಿದರೆ ಇಬ್ಬರೂ ನಿಲ್ಲುತ್ತೀರಿ, ಮತ್ತೆ ಇಬ್ಬರೂ ಒಟ್ಟಿಗೆ ಶುರು ಮಾಡುತ್ತೀರಿ. ಮೊದಲು ಹೆಸರು ಹಿಡಿದು ಕರೆ, ಅವರು ನಿಂತ ಮೇಲೆ ಪ್ರಶ್ನೆ. ಅತಿಥಿ ಪದೇ ಪದೇ ತೊದಲುತ್ತಿದ್ದರೆ ಅವರದೇ ಧ್ವನಿ ಅವರ ಕಿವಿಗೆ ತಡವಾಗಿ ಮರಳುತ್ತಿರಬಹುದು. ನಿಮ್ಮ ಸೌಂಡಿನವರಿಗೆ ಹೇಳಿ ಅವರ ಇಯರ್‌ಫೋನ್‌ಗೆ ಹೋಗುವ ಧ್ವನಿಯಿಂದ ಅವರದನ್ನು ತೆಗೆಸು.

ಲೈವ್‌ನಲ್ಲಿ ಆಡಿದ ಮಾತಿಗೆ ಕತ್ತರಿ ಇಲ್ಲ. ಅಲ್ಲಿಲ್ಲದ ಯಾರ ಮೇಲಾದರೂ ಅತಿಥಿ ಆರೋಪ ಹೊರಿಸಿದರೆ ತಕ್ಷಣ ‘ಇದು ನಿಮ್ಮ ಆರೋಪ, ಉತ್ತರಿಸಲು ಅವರು ಇಲ್ಲಿಲ್ಲ, ದಾಖಲೆ ಇದೆಯೇ?’ ಎನ್ನು. ತಲೆಯಾಡಿಸುತ್ತ ಕೂರಬೇಡ, ಮಾನನಷ್ಟ ಈಗ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ. ಅತ್ಯಾಚಾರ ಸಂತ್ರಸ್ತೆಯ ಹೆಸರು ಬಯಲಾದರೆ 72ನೇ ಕಲಂ. ಆ ಬಗೆಯ ಪ್ರಕರಣ ಚರ್ಚೆಗೆ ಬರುವುದಿದ್ದರೆ ಹೆಸರು ಎತ್ತಬಾರದೆಂದು ಅತಿಥಿಗೆ ಮೊದಲೇ ತಿಳಿಸು. ಮತದಾನ ಮುಗಿಯುವ ಹೊತ್ತಿನ ಹಿಂದಿನ 48 ಗಂಟೆಯಲ್ಲಿ ಮಂತ್ರಿಯನ್ನು ಕೂರಿಸಿ ಪ್ರಚಾರದ ಮಾತು ಆಡಿಸಿದರೆ 126ನೇ ಕಲಂ ಬರುತ್ತದೆ, ಜನಪ್ರತಿನಿಧಿ ಕಾಯ್ದೆಯದು.

ಅವರು ಎದ್ದು ಹೋದರೆ ಬೆನ್ನುಹತ್ತಬೇಡ. ಕೂತಲ್ಲೇ ಕ್ಯಾಮೆರಾ ನೋಡಿ, ಯಾವ ಪ್ರಶ್ನೆಗೆ ಎದ್ದರು ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳು. ಕಾರ್ಯಕ್ರಮ ಮುಗಿದರೂ ಕಾಲರ್ ಮೈಕ್ ಬಿಚ್ಚುವ ತನಕ ‘ಅಬ್ಬಾ, ಮುಗೀತು’ ಅನ್ನಬೇಡ.

ಮೂರು ವಿಷಯಕ್ಕಿಳಿಸಿದ ಪಟ್ಟಿಯನ್ನು ಬುಧವಾರದೊಳಗೆ ಕಳಿಸು, ಉತ್ತರಗಳ ಸಮೇತ.

ನಿನ್ನ ದೊಡ್ಡಪ್ಪ