ಎಡಗಾಲಪ್ಪನಿಗೊಂದು ಪತ್ರ

ಪ್ರಿಯ ಎಡಗಾಲಪ್ಪ,

ಮೂರು ಸಲ ಫೋನ್ ಮಾಡಿದೆ, ನೀನು ಎತ್ತಲಿಲ್ಲ. ಅದಕ್ಕೇ ನಾಲ್ಕು ಜನರ ಎದುರಿಗೆ ಬರೆಯುತ್ತಿದ್ದೇನೆ. ಮಾನವಿದ್ದರೆ ಉತ್ತರ ಬರೆ. ಹೊಸನಗರದ ಪೆನಾಲ್ಟಿಯ ಸುದ್ದಿ ಎತ್ತುವುದಿಲ್ಲ, ಹೆದರಬೇಡ.

ತೀರ್ಥಹಳ್ಳಿಯಲ್ಲಿ ಮಳೆ ಹಿಡಿದು ಹನ್ನೊಂದು ದಿನವಾಯಿತು. ಅಡಿಕೆ ತೋಟಕ್ಕೆ ಎರಡನೆಯ ಸಲದ ಕೊಳೆ ಔಷಧಿ ಹೊಡೆಯಲು ಒಂದು ಹೊಳವು ಸಿಕ್ಕಿಲ್ಲ. ಮೈದಾನದಲ್ಲಿ ಸಸಿ ನೆಡಬಹುದು. ಆದರೂ ಫುಟ್‌ಬಾಲ್ ಕಲಿಯಲು ನನ್ನ ಹುಡುಗರು ಬರುತ್ತಾರೆ ಮಾರಾಯ. ಚೆಂಡು ಓಡದ ದಿನ ಅವರನ್ನು ಜಗಲಿಯಲ್ಲಿ ಕೂರಿಸಿಕೊಂಡು ಖಾಲಿದ್ ಜಮೀಲ್ ಪುರಾಣ ಶುರು ಮಾಡುತ್ತೇನೆ.

ಮುಂಬೈಯ ಮಹೀಂದ್ರ ಯುನೈಟೆಡ್ ಕ್ಲಬ್‌ಗೆ ಆಡಿದವನು, ಭಾರತ ತಂಡದ ಅಂಗಿ ತೊಟ್ಟವನು. ಗಾಯಗಳು ಅವನನ್ನು ಬಿಡಲಿಲ್ಲ. 2009ರಲ್ಲಿ, ಮೂವತ್ತೆರಡಕ್ಕೇ, ಮುಂಬೈ ಎಫ್‌ಸಿಯ ತರಬೇತುದಾರನಾದ. ಏಳು ವರ್ಷದ ನಂತರ ಅಲ್ಲಿಂದ ಹೊರಬಿದ್ದು ಸೇರಿದ್ದು ಮಿಜೋರಾಮಿನ ಐಜ್ವಾಲ್. ನಮ್ಮಂಥದ್ದೇ ಗುಡ್ಡದ ಊರು. ಹಿಂದಿನ ವರ್ಷವಷ್ಟೇ ಆಗ ದೇಶದ ಮೇಲ್ದರ್ಜೆಯ ಲೀಗ್ ಆಗಿದ್ದ ಐ–ಲೀಗ್‌ನಿಂದ ಕೆಳಗೆ ಬಿದ್ದು, ಗೋವಾದ ಕ್ಲಬ್‌ಗಳು ಹಿಂದೆ ಸರಿದದ್ದರಿಂದ ಮತ್ತೆ ಒಳಬಂದ ತಂಡ. ಅದು 2017ರ ಏಪ್ರಿಲ್ 30ರಂದು ಶಿಲ್ಲಾಂಗ್‌ನಲ್ಲಿ 1–1 ಸಮ ಮಾಡಿಕೊಂಡು, ಕೋಲ್ಕತ್ತದ ದೊಡ್ಡ ಕ್ಲಬ್ ಮೋಹನ್ ಬಾಗಾನ್‌ಗಿಂತ ಒಂದೇ ಅಂಕ ಮೇಲೆ ನಿಂತು ಲೀಗ್ ಗೆದ್ದಿತು! 2025ರ ಆಗಸ್ಟ್‌ನಲ್ಲಿ ಅವನೇ ಭಾರತ ತಂಡದ ಕೋಚ್. ಇಲ್ಲಿಗೆ ಬಂದಾಗ ನಾನು ಸ್ವಲ್ಪ ಹೊತ್ತು ಸುಮ್ಮನಿರುತ್ತೇನೆ. ಮಂಡಿ ಹೋದವರ ಮುಂದಿನ ಗತಿ ಏನೆಂದು ಹುಡುಗರು ತಾವೇ ಅರ್ಥ ಮಾಡಿಕೊಳ್ಳಲಿ ಎಂದು.

ಮೊನ್ನೆ, ಚೆಂಡು ಒರೆಸುವ ಚಿಕ್ಕವನೊಬ್ಬ ಕೇಳಿದ: "ಬೇರೆಯವರು ಆಡುವುದನ್ನು ನೋಡಿ ಅವರಿಗೆ ಹೊಟ್ಟೆ ಉರಿಯುತ್ತಿರಲಿಲ್ಲವಾ ಸಾರ್?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಖಾಲಿದ್‌ನ ಹೊಟ್ಟೆಯ ವಿಷಯ ನನಗೇನು ಗೊತ್ತು?

ನನ್ನದು ಗೊತ್ತು. ನಮ್ಮಲ್ಲೊಬ್ಬ ಹುಡುಗನಿದ್ದಾನೆ, ಬಲತುದಿಯಲ್ಲಿ ಆಡುತ್ತಾನೆ. ಗೆರೆಯ ಪಕ್ಕ ಓಡುತ್ತಾ ಇದ್ದಕ್ಕಿದ್ದಂತೆ ಒಳಕ್ಕೆ ತಿರುಗುತ್ತಾನೆ. ಯಾರ ತಿರುವು ಅದು ಎಂದು ನಿನಗೆ ಹೇಳಬೇಕಾಗಿಲ್ಲ. ನಾನು ಕಲಿಸಿದ್ದಲ್ಲ, ನಾನು ಆಡುವಾಗ ಅವನು ಹುಟ್ಟಿರಲೂ ಇಲ್ಲ. ಶಿವಮೊಗ್ಗದ ನೆಹರೂ ಕ್ರೀಡಾಂಗಣದ ಪಂದ್ಯಕ್ಕೆ ಅವನು ಹತ್ತು ನಿಮಿಷ ತಡವಾಗಿ ಬಂದ. ಬಸ್ಸೇ ತಡ. ಶಿಸ್ತು ಎಂದು ಹೇಳಿ ಪೂರ್ತಿ ಪಂದ್ಯ ಹೊರಗೆ ಕೂರಿಸಿದೆ. 0–2. ಅವನು ಒಂದೂ ಮಾತಾಡದೆ ಎಲ್ಲರ ಬಾಟಲಿಗಳಿಗೆ ನೀರು ತುಂಬಿಸುತ್ತಿದ್ದ.

ಸೋತದ್ದಕ್ಕೆ ತುಂಬಾ ಬೇಸರವಾಗಿದೆ ಎಂದು ಅಂದು ರಾತ್ರಿ ನಿನಗೆ ಸಂದೇಶ ಕಳಿಸಿದ್ದೆನಲ್ಲ? ಅದು ಪೂರ್ತಿ ನಿಜವಲ್ಲ.

ಸಾಕು. ಬರೆಯಲು ಕೂತದ್ದು ನಿನ್ನನ್ನು ಬೈಯುವುದಕ್ಕೆ. ಇದನ್ನು ಓದುತ್ತಿರುವ ಉಳಿದವರು ದಯವಿಟ್ಟು ಮೇಲಿನ ಎರಡು ಪ್ಯಾರಾಗಳನ್ನು ಮಳೆಯ ಲೆಕ್ಕಕ್ಕೆ ಹಾಕಿಕೊಳ್ಳಬೇಕು. ಹನ್ನೊಂದು ದಿನ ಬಿಸಿಲು ಕಾಣದಿದ್ದರೆ ಅಡಿಕೆಗಷ್ಟೇ ಅಲ್ಲ, ಕೋಚ್‌ಗೂ ಕೊಳೆ ಬರುತ್ತದೆ. ಭಾನುವಾರ ಅವನನ್ನು ಆಡಿಸುತ್ತೇನೆ. ಮಳೆ ಬಿಟ್ಟರೆ.

ಬರುವಾಗ ಗಾಂಧಿ ಬಜಾರಿನಿಂದ ಮಂಡಿಗೆ ಹಚ್ಚುವ ಎಣ್ಣೆ ತಾ. ಹಸುವಿಗೆ ಹಚ್ಚಿದ್ದಲ್ಲ, ಇನ್ನೊಂದು.

ನಿನ್ನ,
ಬಲತುದಿ