ಹಿತ್ತಲ ರಾತ್ರಿ: ಎರಡು ಮತ್ತು ಮೂರನೇ ತರಗತಿಯ ಪೋಷಕರಿಗೆ

ಪ್ರೀತಿಯ ಪೋಷಕರೇ,

ನಮಸ್ಕಾರ. ಮೂರನೇ ತರಗತಿಯ ಅರ್ಧದಷ್ಟು ಮಕ್ಕಳು ನವೆಂಬರ್‌ನಲ್ಲಿ 'ಹಿತ್ತಲ ರಾತ್ರಿ' ಮುಗಿಸಿದ್ದಾರೆ. ಅಂದರೆ, ಮಗು ಮನೆಯ ದೊಡ್ಡವರೊಬ್ಬರ ಜೊತೆ, ಫೋನ್ ಇಲ್ಲದೆ, ಒಂದು ರಾತ್ರಿ ಮನೆಯ ಹಿತ್ತಲಲ್ಲಿ ಮಲಗಿ ಸದ್ದು ಕೇಳುವ ಚಟುವಟಿಕೆ. ಆಮೇಲೆ ತರಗತಿಯ ವಾಟ್ಸಾಪ್ ಗುಂಪಿನಲ್ಲಿ ತುಂಬಾ ಮಾತಾಯಿತು. ಕೆಲವರು ಶಾಲೆಗೇ ಬಂದು ಮಾತಾಡಿದಿರಿ. ಒಬ್ಬ ತಾಯಿ ನೇರವಾಗಿ ಕೇಳಿದರು: "ಮೇಡಂ, ಮಗು ಮಧ್ಯರಾತ್ರಿ ಹೆದರಿಕೊಂಡು ಅತ್ತಿತು. ಇದು ಪಾಠಾನಾ, ಶಿಕ್ಷೇನಾ?" ಈ ಪ್ರಶ್ನೆ ಇನ್ನೂ ಹಲವರ ಮನಸ್ಸಿನಲ್ಲಿ ಇರಬಹುದು. ಅದಕ್ಕೇ ಎಲ್ಲರಿಗೂ ಬರೆಯುತ್ತಿದ್ದೇನೆ.

ಶಿಕ್ಷೆ ಖಂಡಿತ ಅಲ್ಲ. ಏಳೆಂಟು ವರ್ಷದ ಮಗು ಕತ್ತಲಲ್ಲಿ ಅಳುವುದು ಸಹಜ. ಅತ್ತರೆ ಎತ್ತಿಕೊಂಡು ಒಳಗೆ ಹೋಗಿ. ನಾವು ರೆಸಾರ್ಟು, ಕಾಡು ಎನ್ನದೆ ಹಿತ್ತಲು ಎಂದಿದ್ದೇ ಅದಕ್ಕೆ. ಮನೆ ಬಾಗಿಲು ಪಕ್ಕದಲ್ಲೇ ಇರುತ್ತದೆ, ಬಚ್ಚಲೂ ಅಲ್ಲೇ. ಒಂಬತ್ತೂವರೆಗೇ ಒಳಗೆ ಬಂದ ಮಗುವೂ ಚಟುವಟಿಕೆ ಮುಗಿಸಿದ ಹಾಗೇ. ಇದಕ್ಕೆ ಅಂಕ ಇಲ್ಲ, ಗ್ರೇಡ್ ಇಲ್ಲ. ಸೋಮವಾರ ತರಗತಿಗೆ ಬಂದು ರಾತ್ರಿ ಏನೇನು ಸದ್ದು ಕೇಳಿತು ಅಂತ ಹೇಳಿದರೆ ಸಾಕು.

ಹಾವಿನ ಭಯ ಇದೆ ಎಂದಿರಿ. ಇದನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ನಮ್ಮ ಕಡೆ ಕಟ್ಟುಹಾವು ಎಂಬ ವಿಷದ ಹಾವು ಇದೆ. ಅದು ರಾತ್ರಿ ಓಡಾಡುತ್ತದೆ. ನೆಲದ ಮೇಲೆ ಮಲಗಿದವರನ್ನು ನಿದ್ದೆಯಲ್ಲೇ ಕಚ್ಚುವುದುಂಟು, ಕಚ್ಚಿದ್ದು ಗೊತ್ತೂ ಆಗದೆ ಇರಬಹುದು. ಆದ್ದರಿಂದ ನೆಲದ ಮೇಲೆ ಚಾಪೆ, ಜಮಖಾನೆ ಹಾಸಿ ಮಲಗಿಸಲೇಬೇಡಿ. ಮಂಚ ಹಾಕಿ. ಹಗ್ಗದ ಮಂಚವಾದರೂ ಸರಿ, ಮಡಚುವ ಮಂಚವಾದರೂ ಸರಿ. ಸೊಳ್ಳೆ ಪರದೆ ಕಟ್ಟಿ, ಅದರ ಅಂಚನ್ನು ಹಾಸಿಗೆಯ ಕೆಳಗೆ ಪೂರ್ತಿ ಸಿಕ್ಕಿಸಿ. ಸೊಳ್ಳೆಗೂ ಅದೇ ಔಷಧಿ. ಸೌದೆ, ಇಟ್ಟಿಗೆ, ಕಲ್ಲು ರಾಶಿ ಬಿದ್ದಿರುವ ಮೂಲೆ ಬೇಡ. ತೆಂಗಿನ ಮರದ ಕೆಳಗಂತೂ ಬೇಡವೇ ಬೇಡ. ಇಬ್ಬನಿ ತಡೆಯಲು ಮೇಲೊಂದು ಹಳೇ ಸೀರೆ ಕಟ್ಟಿದರೆ ಮಕ್ಕಳಿಗೆ ಅದೇ ಟೆಂಟು. ಅದರೊಳಗೆ ಮೇಣದ ಬತ್ತಿ, ಸೊಳ್ಳೆ ಬತ್ತಿ ಹಚ್ಚಬೇಡಿ. ಟಾರ್ಚ್ ಸಾಕು. ಮಗು ಮಂಚದಿಂದ ಇಳಿಯುವ ಮೊದಲು ನೆಲಕ್ಕೆ ಟಾರ್ಚ್ ಬಿಟ್ಟು ನೋಡಿ.

ತೋಟದ ಮನೆಯವರಿಗೆ, ಊರಾಚೆ ಇರುವವರಿಗೆ ಬೇರೆ ಮಾತು. 2022ರ ಕೊನೆಯಲ್ಲಿ ತಿ. ನರಸೀಪುರದ ಕಡೆ ಚಿರತೆ ದಾಳಿ ಆಗಿದ್ದನ್ನು ಮೈಸೂರು ಜಿಲ್ಲೆಯಲ್ಲಿ ಯಾರೂ ಮರೆತಿಲ್ಲ. ಚಿರತೆ ಕಂಡಿದೆ ಎಂಬ ಸುದ್ದಿ ನಿಮ್ಮ ಬೀದಿಯಲ್ಲಿ ಇದ್ದರೆ ಹೊರಗೆ ಮಲಗುವುದೇ ಬೇಡ. ಮಹಡಿಯ ಮೇಲೂ ಬೇಡ. ಕಿಟಕಿ ಪಕ್ಕ ದೀಪ ಆರಿಸಿ ಕೂತರೆ ಸಾಕು, ಅದನ್ನೂ ನಾವು ಒಪ್ಪುತ್ತೇವೆ. ಅಪಾರ್ಟ್‌ಮೆಂಟಿನವರು ಬಾಲ್ಕನಿಯಲ್ಲಿ ಮಾಡಬಹುದು, ತಾರಸಿಗೆ ಹೋದರೆ ಗೋಡೆಯ ಅಂಚಿನಿಂದ ದೂರ ಇರಿ. ಚಳಿಗೆ ಕಂಬಳಿ, ಕುಲಾವಿ ಸಾಕಾಗುತ್ತದೆ. ಕೆಮ್ಮು, ವೀಜಿಂಗ್ ಇರುವ ಮಕ್ಕಳು ಬೇಸಿಗೆಯಲ್ಲಿ ಮಾಡಲಿ.

ಇನ್ನು ಫೋನಿನ ವಿಷಯ. ಇದನ್ನೇ ಹೆಚ್ಚು ಜನ ವಿರೋಧಿಸಿದ್ದೀರಿ. ಇದರಲ್ಲಿ ಮಾತ್ರ ಶಾಲೆ ಹಿಂದೆ ಸರಿಯುವುದಿಲ್ಲ ಎಂದು ಪ್ರೀತಿಯಿಂದಲೇ ಹೇಳುತ್ತೇನೆ. ಮಗುವಿನ ಪಕ್ಕ ಮನೆಯ ದೊಡ್ಡವರೊಬ್ಬರು ಇರಬೇಕು, ಅವರ ಕೈಯಲ್ಲಿ ಫೋನ್ ಇರಬಾರದು.

ಮಕ್ಕಳು ಬಂದು ಹೇಳಿದ ಸದ್ದುಗಳನ್ನು ನಾನೇ ಕೂತು ಕೇಳಿದೆ. ಜೀರುಂಡೆ, ನಾಯಿ, ದೂರದ ರೈಲು, ಪಕ್ಕದ ಮನೆಯ ಪ್ರೆಷರ್ ಕುಕ್ಕರ್, ಗೂಬೆ. ಒಂದು ಹುಡುಗಿ ನುಗ್ಗೆಕಾಯಿ ಒಂದಕ್ಕೊಂದು ತಾಗುವ ಸದ್ದನ್ನು ಬಾಯಲ್ಲೇ ಮಾಡಿ ತೋರಿಸಿದಳು. ಎಷ್ಟು ಚೆನ್ನಾಗಿತ್ತು ಗೊತ್ತಾ! ಆದರೆ ಕೆಲವು ಮಕ್ಕಳು, "ಅಪ್ಪ ಫೋನ್ ನೋಡ್ತಿದ್ರು, ಅದೇ ಕೇಳಿಸ್ತಿತ್ತು" ಎಂದರು. ದೂರು ಹೇಳುವ ದನಿಯಲ್ಲಿ ಅಲ್ಲ, ಸುಮ್ನೆ ಹೇಳಿದರು. ನನಗೆ ಬೇಜಾರಾಗಿದ್ದು ಅದಕ್ಕೇ.

ಆಫೀಸಿನಿಂದ ಕರೆ ಬರುತ್ತದೆ ಎಂದಿರಿ. ನಂಜನಗೂಡಿನ ಫ್ಯಾಕ್ಟರಿಗಳಲ್ಲಿ ಶಿಫ್ಟ್ ಮಾಡುವವರು ನಮ್ಮಲ್ಲಿ ಇದ್ದೀರಿ, ನನಗೆ ಗೊತ್ತು. ಫೋನನ್ನು ಬಾಗಿಲ ಒಳಗೆ, ಗಂಟೆ ಜೋರಾಗಿಟ್ಟು ಬಿಡಿ. ಬಂದರೆ ಎದ್ದು ಹೋಗಿ ಮಾತಾಡಿ. ನಿಮಗೆ ಆ ರಾತ್ರಿ ಬಿಡುವಿಲ್ಲದಿದ್ದರೆ ಅಜ್ಜ, ಅಜ್ಜಿ, ಸೋದರಮಾವ, ಚಿಕ್ಕಮ್ಮ, ಯಾರಾದರೂ ಸರಿ. ಫೋಟೊ, ವಿಡಿಯೊ ಶಾಲೆಗೆ ಬೇಡ, ಗುಂಪಿನಲ್ಲಿ ಹಾಕುವುದೂ ಬೇಡ. ಹಾಕದಿದ್ದರೆ ಮಾಡಿಲ್ಲ ಎಂದು ಯಾರೂ ಅಂದುಕೊಳ್ಳುವುದಿಲ್ಲ.

ಇನ್ನೊಂದು ಕಾರಣವೂ ಇದೆ. ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು ಇಪ್ಪತ್ತು ಮೂವತ್ತು ನಿಮಿಷ ಬೇಕು. ಒಮ್ಮೆ ಫೋನಿನ ಪರದೆಯ ಬೆಳಕು ನೋಡಿದರೆ ಮತ್ತೆ ಮೊದಲಿಂದ ಕಾಯಬೇಕು. ಈ ಡಿಸೆಂಬರ್ ತಿಂಗಳ ಆಕಾಶಕ್ಕೆ ಆ ಅರ್ಧ ಗಂಟೆ ಕೊಡಲೇಬೇಕು. ರಾತ್ರಿ ಎಂಟೂವರೆ, ಒಂಬತ್ತರ ಹೊತ್ತಿಗೆ ಪೂರ್ವಕ್ಕೆ ತಿರುಗಿ. ಒಂದೇ ಸಾಲಿನಲ್ಲಿ ಮೂರು ನಕ್ಷತ್ರ ಕಾಣುತ್ತದೆ, ಅದು ಮಹಾವ್ಯಾಧ (ಓರಾಯನ್) ಎಂಬ ಬೇಟೆಗಾರನ ಆಕಾರದ ನಕ್ಷತ್ರಪುಂಜದ ನಡುಪಟ್ಟಿ. ಅದರ ಎಡಕ್ಕೆ ಕೆಂಪಗೆ ಹೊಳೆಯುವುದು ಆರಿದ್ರಾ. ತಲೆಯ ಜಾಗದ ಪುಟ್ಟ ಚುಕ್ಕೆಗಳು ಮೃಗಶಿರ. ಇನ್ನೂ ಮೇಲೆ ನಸುಗೆಂಪು ರೋಹಿಣಿ, ಅದರಾಚೆ ಪುಟ್ಟ ಗೊಂಚಲು ಕೃತ್ತಿಕೆ. ನಮ್ಮ ರೈತರು ಮಳೆಗೆ ಇಟ್ಟ ಹೆಸರುಗಳಲ್ಲಿ ನಾಲ್ಕು ಅಲ್ಲೇ ಸಾಲಾಗಿ ಇವೆ, ಅಲ್ವಾ? ಅಜ್ಜಿ ಮನೆಯಲ್ಲಿದ್ದರೆ ಅವರನ್ನೂ ಹೊರಗೆ ಕೂರಿಸಿ. ಮಳೆಗಳ ಬಗ್ಗೆ ಗಾದೆಗಳು ಅವರಿಗೆ ಬಾಯಿಪಾಠ ಇರುತ್ತವೆ, ನಮ್ಮ ಪುಸ್ತಕದಲ್ಲಿ ಇಲ್ಲ. ಡಿಸೆಂಬರ್ 13-14ರ ರಾತ್ರಿ ಆರಿಸಿಕೊಂಡರೆ ಮಿಥುನ ರಾಶಿಯ ಕಡೆಯಿಂದ ಉಲ್ಕೆಗಳೂ ಬೀಳುತ್ತವೆ. ನಡುರಾತ್ರಿ ದಾಟಿದ ಮೇಲೆ ಜಾಸ್ತಿ. ಆದರೆ ಅದಕ್ಕಾಗಿ ಮಲಗಿದ ಮಕ್ಕಳನ್ನು ಎಬ್ಬಿಸಬೇಡಿ. ಹತ್ತು ಗಂಟೆಯೊಳಗೆ ಒಂದೆರಡು ಕಂಡರೂ ಮಕ್ಕಳಿಗೆ ಹಬ್ಬ.

"ಫೀ ಕಟ್ಟುವುದು ಓದಿಸಲಿಕ್ಕೆ" ಎಂದು ಒಬ್ಬರು ಬರೆದಿದ್ದರು. ಓದಿಸುತ್ತಿದ್ದೇವೆ, ಮುಂದೆಯೂ ಓದಿಸುತ್ತೇವೆ. ಆದರೆ ಒಂದು ರಾತ್ರಿ ಪೂರ್ತಿ ಮಗುವಿನ ಮಾತಿಗೆ ಕಿವಿ ಕೊಡುವುದು ಟೀಚರಿಂದ ಆಗದ ಕೆಲಸ. ನಲವತ್ತು ಮಕ್ಕಳ ನಡುವೆ ನಮಗೆ ಅಷ್ಟು ಹೊತ್ತು ಸಿಗುವುದಿಲ್ಲ. ಅದು ನಿಮ್ಮಿಂದಲೇ ಆಗಬೇಕು. ಮತ್ತೆ ಹೇಳುತ್ತೇನೆ, ಮಗು ಎಷ್ಟು ಹೊತ್ತು ಹೊರಗೆ ಇತ್ತು ಎಂದು ನಾವು ಲೆಕ್ಕ ಇಡುವುದಿಲ್ಲ. ನೀವು ಜೊತೆಗೆ, ಬರಿಗೈಯಲ್ಲಿ ಇದ್ದಿರಾ ಎಂದಷ್ಟೇ ಕೇಳುತ್ತೇವೆ.

ನಿಮಗೆ ಅನುಕೂಲವಾದ ಶನಿವಾರವನ್ನು ಡೈರಿಯಲ್ಲಿ ಬರೆದು, ಸಹಿ ಹಾಕಿ, ಈ ಶುಕ್ರವಾರದೊಳಗೆ ಕಳಿಸಿಕೊಡಿ.

ಮಾಡಲು ಆಗದವರು ಸಂಕೋಚ ಬಿಟ್ಟು ಬಂದು ಮಾತಾಡಿ. ಸಂಜೆ ನಾಲ್ಕರ ಮೇಲೆ ನಾನು ಆಫೀಸಿನಲ್ಲೇ ಇರುತ್ತೇನೆ.

ಇಂತಿ ನಿಮ್ಮ,
ಮುಖ್ಯೋಪಾಧ್ಯಾಯಿನಿ